ಯಾರೂ ಬುಕ್ ಮಾಡದ ಜಾಗ

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬೆಳಗ್ಗೆ ಬೆಂಗಳೂರಿನ ಬಡಾವಣೆಯೊಂದರಲ್ಲಿ ಕವಿಗೋಷ್ಠಿಗೆ ಹೋಗಿದ್ದೆ. ಕಟ್ಟಡದ ಬೋರ್ಡಿನ ಮೇಲೇ ‘ವಿವಿಧೋದ್ದೇಶ ಭವನ’ ಎಂದು ಬರೆದಿತ್ತು. ಮೇಲಿನ ಮಹಡಿಯಲ್ಲಿ ನಮ್ಮ ಗೋಷ್ಠಿ, ಕೆಳಗೆ ಯಾರದೋ ಮದುವೆ. ಹತ್ತೂ ಮುಕ್ಕಾಲರ ಸುಮಾರಿಗೆ ತರುಣನೊಬ್ಬ ತನ್ನ ಅಜ್ಜಿಯ ಸಾವಿನ ಮೇಲೆ ಬರೆದ ಪದ್ಯ ಓದುತ್ತಿದ್ದ. ಧ್ವನಿ ತಗ್ಗಿಸಿ, ತಡೆದು ತಡೆದು, ಕೊನೆಯ ಸಾಲಿಗೆ ಬಂದ. ಸರಿಯಾಗಿ ಆಗಲೇ ಕೆಳಗೆ ಗಟ್ಟಿಮೇಳ ಶುರುವಾಯಿತು. ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರ ಕೈ ಅಭ್ಯಾಸಬಲದಿಂದ ಅಕ್ಷತೆ ಹಾಕುವ ಹಾಗೆ ಮೇಲೆದ್ದೇಬಿಟ್ಟಿತು. ಸಭೆ ನಕ್ಕಿತು, ಕವಿಯೂ ನಕ್ಕ. ಪದ್ಯ ಮಾತ್ರ ಮತ್ತೆ ಮೇಲೇಳಲಿಲ್ಲ.

ಗೋಷ್ಠಿ ಮುಗಿದಾಗ ಒಂದು ಗಂಟೆಗೆ ಹತ್ತು ನಿಮಿಷ. ಏಳೆಂಟು ಮಂದಿ ಮಾತಾಡುತ್ತ ನಿಂತಿದ್ದೆವು. ಕಾವಲುಗಾರ ಬೀಗದ ಕೈ ಗೊಂಚಲು ಆಡಿಸುತ್ತ ಬಂದ. “ಸಾರ್, ಒಂದು ಗಂಟೆವರೆಗೆ ಮಾತ್ರ ಬುಕ್ಕಾಗಿರೋದು.” ಅವನದೇನೂ ತಪ್ಪಿಲ್ಲ. ನಾವು ರಸ್ತೆಗಿಳಿದು ಎಳನೀರಿನ ಗಾಡಿಯ ಪಕ್ಕ ನಿಂತು ಮಾತು ಮುಂದುವರಿಸಿದೆವು. ಅಷ್ಟು ದೊಡ್ಡ ಕಟ್ಟಡದಲ್ಲಿ ಅರ್ಧ ಗಂಟೆ ಸುಮ್ಮನೆ ನಿಲ್ಲಲು ಜಾಗವಿರಲಿಲ್ಲ.

ಆ ಕಟ್ಟಡಕ್ಕೆ ಎರಡು ರೋಗ. ಒಂದು ಸದ್ದಿನದು, ಇನ್ನೊಂದು ಬೀಗದ್ದು. ಸದ್ದಿಗೆ ಎಂಜಿನಿಯರ್ ಹತ್ತಿರ ಮದ್ದಿದೆ. ಬೀಗದ್ದು ಅಷ್ಟು ಸುಲಭವಲ್ಲ.

ನಮ್ಮಲ್ಲಿ ವಿವಿಧೋದ್ದೇಶ ಎಂದರೆ ಸರದಿ. ಸೋಮವಾರ ನಾಮಕರಣ, ಮಂಗಳವಾರ ರಕ್ತದಾನ ಶಿಬಿರ, ಬುಧವಾರ ರಿಯಾಯಿತಿ ದರದಲ್ಲಿ ಸೀರೆ ಮಾರಾಟ, ಗುರುವಾರ ಪಕ್ಷದ ಕಾರ್ಯಕರ್ತರ ಸಭೆ. ಸಭಾಂಗಣ ಒಂದೇ, ಬಾಡಿಗೆಗೆ ಬರುವವರು ಬೇರೆ ಬೇರೆ. ಯಾರೂ ಬಾರದ ದಿನ ಗೇಟಿಗೆ ಸರಪಳಿ. ವಾಸ್ತುಶಿಲ್ಪಿಗಳು ಬಹೂಪಯೋಗಿ ಕಟ್ಟಡ ಎನ್ನುವುದು ಇದನ್ನಲ್ಲ. ವಾಚನಾಲಯ, ರಂಗಮಂದಿರ, ಬಡಗಿಯ ಕಾರ್ಯಾಗಾರ, ಊಟದ ಮನೆ, ನಾಲ್ಕು ಮಂದಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುವ ಮೇಜು, ಅರ್ಜಿ ಬರೆಸಿಕೊಳ್ಳುವ ಕಿಟಕಿ, ಇವೆಲ್ಲ ಒಂದೇ ಹೊತ್ತಿಗೆ, ಒಂದರ ಪಕ್ಕ ಒಂದು ನಡೆಯಬೇಕು. ಊಟಕ್ಕೆಂದು ಬಂದವನ ಕಿವಿಗೆ ನಾಟಕದ ತಾಲೀಮು ಬೀಳಬೇಕು. ಇದಕ್ಕೆ ನಾನು ಕಂಡುಕೊಂಡಿರುವ ಒರೆಗಲ್ಲು ಒಂದೇ: ಯಾರೂ ಏನನ್ನೂ ಬುಕ್ ಮಾಡದ ದಿನ ಆ ಕಟ್ಟಡದೊಳಗೆ ಯಾರಿರುತ್ತಾರೆ?

ಈ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದಲ್ಲಿ ಸಿಕ್ಕ ಅತ್ಯುತ್ತಮ ಉತ್ತರ ಬ್ರೆಜಿಲ್ ದೇಶದ ಸಾವೊ ಪಾಲೊ ನಗರದಲ್ಲಿದೆ ಎಂದು ನನ್ನ ಅಭಿಪ್ರಾಯ. ಅದರ ಹೆಸರು ಸೆಸ್ಕ್ ಪೊಂಪೇಯ. ಪೊಂಪೇಯ ಅಲ್ಲಿನ ಒಂದು ಬಡಾವಣೆ, ಕಾರ್ಮಿಕರ ಜಾಗ. ಅಲ್ಲೊಂದು ಹಳೆಯ ಡ್ರಮ್ ಕಾರ್ಖಾನೆಯಿತ್ತು. ಸೆಸ್ಕ್ ಎಂಬುದು 1946ರಲ್ಲಿ ಹುಟ್ಟಿದ ಸಂಸ್ಥೆ. ವಾಣಿಜ್ಯ ಮತ್ತು ಸೇವಾ ವಲಯದ ಕಂಪನಿಗಳು ತಾವು ಕೊಡುವ ಸಂಬಳದ ಮೊತ್ತದ ಮೇಲೆ ಶೇ 1.5ರಷ್ಟನ್ನು ಇದಕ್ಕೆ ಕಡ್ಡಾಯವಾಗಿ ಕಟ್ಟಬೇಕು. ಆ ಹಣ ನೌಕರರ ವಿರಾಮ, ಕ್ರೀಡೆ, ಆರೋಗ್ಯ, ಕಲೆಗಳಿಗೆ ಖರ್ಚಾಗುತ್ತದೆ. ಈ ಶೇಕಡಾ ಲೆಕ್ಕ ನೆನಪಿರಲಿ, ಆಮೇಲೆ ಬೇಕಾಗುತ್ತದೆ.

ಸೆಸ್ಕ್ ಆ ಕಾರ್ಖಾನೆಯನ್ನು ಕೊಂಡದ್ದು ಕೆಡವಿ ಹೊಸದು ಕಟ್ಟಲಿಕ್ಕೆ. ಕೆಲಸ ವಹಿಸಿದ್ದು ಲೀನಾ ಬೊ ಬಾರ್ಡಿ ಎಂಬ ವಾಸ್ತುಶಿಲ್ಪಿಗೆ. ಆಕೆ 1914ರಲ್ಲಿ ರೋಮ್‌ನಲ್ಲಿ ಹುಟ್ಟಿದವರು, ಎರಡನೆಯ ಮಹಾಯುದ್ಧ ಮುಗಿದ ಮೇಲೆ ಬ್ರೆಜಿಲ್‌ಗೆ ಬಂದು ಅಲ್ಲಿಯವರೇ ಆದವರು. 1976ರಲ್ಲಿ ಮೊದಲ ಸಲ ಕಾರ್ಖಾನೆ ನೋಡಿದಾಗ ಅವರ ಕಣ್ಣಿಗೆ ಬಿದ್ದದ್ದು ಒಳ್ಳೆಯ ಹಳೆಯ ಕಾಂಕ್ರೀಟು. ಎರಡನೆಯ ಸಲ ಹೋದದ್ದು ಶನಿವಾರ. ಅವತ್ತು ಖಾಲಿ ಶೆಡ್ಡುಗಳ ತುಂಬ ಜನ! ಮಕ್ಕಳು ಓಡಾಡುತ್ತಿದ್ದರು, ಒಡೆದ ಛಾವಣಿಯಿಂದ ಸುರಿಯುವ ಮಳೆನೀರಿನಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು, ತಾಯಂದಿರು ಬಾಗಿಲ ಬಳಿ ಕೆಂಡದ ಮೇಲೆ ಅಡುಗೆ ಮಾಡುತ್ತಿದ್ದರು, ಪಕ್ಕದಲ್ಲಿ ಬೊಂಬೆಯಾಟ ನಡೆದಿತ್ತು. ಯಾವ ವಾಸ್ತುಶಿಲ್ಪಿಯೂ ನಕ್ಷೆ ಹಾಕುವ ಮೊದಲೇ ಕಟ್ಟಡ ಕೆಲಸ ಶುರುಮಾಡಿಬಿಟ್ಟಿತ್ತು. ಇದೆಲ್ಲ ಹೀಗೇ ಇರಬೇಕು ಎಂದು ಲೀನಾ ತೀರ್ಮಾನಿಸಿದರು. ಕೆಡವುವ ಮಾತು ಅಲ್ಲಿಗೆ ನಿಂತಿತು.

1977ರಿಂದ ಸುಮಾರು ಒಂಬತ್ತು ವರ್ಷ ಆಕೆ ತಮ್ಮ ಕಚೇರಿಯನ್ನೇ ಆ ಆವರಣದೊಳಗೆ ಇಟ್ಟುಕೊಂಡು ಕೆಲಸ ಮಾಡಿದರು. ಗೋಡೆಗಳ ಗಾರೆ ಕೆರೆಸಿ ಇಟ್ಟಿಗೆ ಕಾಣುವಂತೆ ಮಾಡಿದರು. ಶೆಡ್ಡುಗಳ ನಡುವಿನ ಕಲ್ಲುಹಾಸಿನ ದಾರಿಯನ್ನು ಹಾಗೇ ಉಳಿಸಿದರು. ಈಗಲೂ ನೀವು ಬೀದಿಯಿಂದ ಒಳಗಿನ ಬೀದಿಗೆ ನಡೆದುಕೊಂಡೇ ಹೋಗುತ್ತೀರಿ. ಎಡಬಲಕ್ಕೆ ಊಟದ ಮನೆ, ರಂಗಮಂದಿರ, ಕುಂಬಾರಿಕೆ, ನೇಯ್ಗೆ, ಮರಗೆಲಸ, ಮುದ್ರಣದ ಕಾರ್ಯಾಗಾರಗಳು. ಎಲ್ಲಕ್ಕಿಂತ ದೊಡ್ಡ ಶೆಡ್ಡಿನೊಳಗೆ ಗೋಡೆಗಳೇ ಇಲ್ಲ. ನೆಲದಲ್ಲಿ ಅಂಕುಡೊಂಕಾಗಿ ಹರಿಯುವ ಆಳವಿಲ್ಲದ ನೀರಿನ ಕಾಲುವೆ, ಅದಕ್ಕೆ ಸಾವೊ ಫ್ರಾನ್ಸಿಸ್ಕೊ ನದಿಯ ಹೆಸರು. ಒಂದು ಕಡೆ ಬೆಂಕಿಗೂಡು. ಓದುವ ಜಾಗ ಕಾಂಕ್ರೀಟಿನ ಎತ್ತರದ ಅಟ್ಟಗಳ ಮೇಲಿದೆ. ಕೆಳಗೆ ಮುದುಕರು ಚದುರಂಗ ಆಡುತ್ತಾರೆ, ಮಕ್ಕಳು ನೀರಿಗೆ ಕೈ ಹಾಕುತ್ತಾರೆ, ಮೇಲೆ ಒಬ್ಬರು ಪತ್ರಿಕೆ ಓದುತ್ತಾರೆ. ಬೆಂಕಿ, ನೀರು, ಕುರ್ಚಿ. ಇಷ್ಟಿದ್ದರೆ ಜನ ಸೇರುತ್ತಾರೆ ಎಂಬುದು ಆಕೆಯ ಲೆಕ್ಕಾಚಾರ. ಆಗ ಆ ದೇಶದಲ್ಲಿ ಮಿಲಿಟರಿ ಆಡಳಿತ, 1964ರಿಂದ 1985ರವರೆಗೆ. ಜನ ಕಾರಣವಿಲ್ಲದೆ ಒಂದು ಕಡೆ ಸೇರುವುದೆಂದರೆ ಅಂಥ ಕಾಲದಲ್ಲಿ ಅದೇನು ಸಣ್ಣ ವಿಷಯವಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ಆಟದಂಕಣಗಳಿಗೆಂದು ಬಿಟ್ಟಿದ್ದ ಜಾಗದ ನಡುವೆ ಮುಚ್ಚಿದ ಹಳ್ಳವೊಂದು ಹರಿಯುತ್ತದೆ. ಅದರ ಮೇಲೆ ಏನೂ ಕಟ್ಟುವಂತಿಲ್ಲ. ನಮ್ಮಲ್ಲಾಗಿದ್ದರೆ ಏನಾಗುತ್ತಿತ್ತೆಂದು ರಾಜಕಾಲುವೆಗಳ ಸುದ್ದಿ ಓದುವವರಿಗೆ ನಾನು ಹೇಳಬೇಕಿಲ್ಲ. ಲೀನಾ ಹಳ್ಳದ ಆಚೆ ಒಂದು, ಈಚೆ ಒಂದು ಕಾಂಕ್ರೀಟ್ ಗೋಪುರ ಎಬ್ಬಿಸಿದರು. ಒಂದರಲ್ಲಿ ಈಜುಕೊಳ ಮತ್ತು ಆಟದಂಕಣಗಳು, ಇನ್ನೊಂದರಲ್ಲಿ ಮೆಟ್ಟಿಲು ಮತ್ತು ಬಟ್ಟೆ ಬದಲಿಸುವ ಕೋಣೆಗಳು. ಎರಡರ ನಡುವೆ ಆಕಾಶದಲ್ಲಿ ಕಾಂಕ್ರೀಟಿನ ಕಾಲುಸೇತುವೆಗಳು. ಆಟಕ್ಕೆ ಹೋಗುವವನು ಬಟ್ಟೆ ಬದಲಿಸಿ, ಗಾಳಿಗೆ ಮೈಯೊಡ್ಡಿ, ಹಳ್ಳ ದಾಟಿಯೇ ಹೋಗಬೇಕು. ಹಳ್ಳದ ಮೇಲೆ ಉದ್ದಕ್ಕೂ ಮರದ ಹಲಗೆ ಹಾಸಿದರು. ಬಿಸಿಲಿನ ದಿನ ಜನ ಅಲ್ಲಿ ಬಂದು ಮಲಗುತ್ತಾರೆ. ಅದು ಆ ಬಡಾವಣೆಯ ಸಮುದ್ರತೀರ. ಗೋಪುರದ ಕಿಟಕಿಗಳು ಗವಿಯ ಬಾಯಿಯ ಹಾಗೆ ವಕ್ರಾಕಾರದ ತೂತುಗಳು, ಗಾಜಿಲ್ಲ. ಹವಾನಿಯಂತ್ರಣ ಕಂಡರೆ ಆಕೆಗಾಗುತ್ತಿರಲಿಲ್ಲ. ರಂಗಮಂದಿರದ ಆಸನಗಳಿಗೂ ಮೆತ್ತೆಯಿಲ್ಲ, ಬರಿಯ ಮರ. ಕಲ್ಲಿನ ಮೇಲೆ ಕೂತು ನಾಟಕ ನೋಡಿದವರ ಪರಂಪರೆಗೆ ಮೆತ್ತೆ ಬಂದದ್ದು ಅರಮನೆಯ ರಂಗಶಾಲೆಗಳಿಂದ ಎಂಬುದು ಆಕೆಯ ವಾದ. ವಾದವೇನೋ ಚೆನ್ನಾಗಿದೆ. ಮೂರು ಗಂಟೆಯ ನಾಟಕ ನೋಡಿ ಸೊಂಟ ಹಿಡಿದುಕೊಂಡು ಎದ್ದವರು ಒಪ್ಪುತ್ತಾರೋ ಇಲ್ಲವೋ ಕಾಣೆ.

ಶೆಡ್ಡುಗಳು 1982ರಲ್ಲಿ ತೆರೆದವು, ಗೋಪುರಗಳು 1986ರಲ್ಲಿ. ಇದನ್ನು ಸಂಸ್ಕೃತಿ ಕೇಂದ್ರ ಎಂದು ಕರೆಯಲು ಲೀನಾ ಒಪ್ಪಲಿಲ್ಲ. ಆ ಭಾರದ ಪದ ಕೇಳಿ ಜನ ಬಾಗಿಲಲ್ಲೇ ಹಿಂಜರಿದಾರು ಎಂಬ ಅಳುಕು. ವಿರಾಮ ಕೇಂದ್ರ ಎಂದರೆ ಸಾಕು ಎಂದರು.

ಈಗ ಸದ್ದಿನ ವಿಷಯ. ಸದ್ದು ಎರಡು ದಾರಿಯಲ್ಲಿ ಬರುತ್ತದೆ. ಪಕ್ಕದ ಮನೆಯ ರೇಡಿಯೋ ಗಾಳಿಯಲ್ಲಿ ಬರುತ್ತದೆ, ಕಿಟಕಿ ಮುಚ್ಚಿದರೆ ಕಡಿಮೆಯಾಗುತ್ತದೆ. ಮೇಲಿನ ಮನೆಯವರು ಒರಳಿನಲ್ಲಿ ಕುಟ್ಟಿದರೆ ಅದು ಗೋಡೆ ಕಂಬಗಳ ಮೂಲಕ ಇಳಿಯುತ್ತದೆ, ಯಾವ ಕಿಟಕಿ ಮುಚ್ಚಿದರೂ ಕೇಳುತ್ತದೆ. ಗಾಳಿಯ ಸದ್ದಿಗೆ ದಪ್ಪ ಗೋಡೆ, ಒಂದರ ಹಿಂದೆ ಒಂದು ಎರಡು ಬಾಗಿಲು. ಕುಟ್ಟುವ ಸದ್ದಿಗೆ ಆ ಕೋಣೆಯ ನೆಲವನ್ನೇ ರಬ್ಬರಿನ ಮೆತ್ತೆಗಳ ಮೇಲೆ ಕೂರಿಸಿ, ಗೋಡೆಗೆ ತಾಗದಂತೆ ಬಿಡಬೇಕು. ಪೆಟ್ಟಿಗೆಯೊಳಗೆ ಇನ್ನೊಂದು ಪೆಟ್ಟಿಗೆ ಇಟ್ಟ ಹಾಗೆ. ಇದು ದುಬಾರಿ. ಇದಕ್ಕಿಂತ ಅಗ್ಗದ ಉಪಾಯ ನಕ್ಷೆಯಲ್ಲೇ ಇದೆ: ಗಲಾಟೆಯ ಕೋಣೆಗೂ ಮೌನದ ಕೋಣೆಗೂ ನಡುವೆ ಮೆಟ್ಟಿಲು, ಶೌಚಾಲಯ, ಉಗ್ರಾಣ ತಂದಿಡುವುದು. ನಮ್ಮ ಕವಿಗೋಷ್ಠಿಯನ್ನು ಮದುವೆಯ ನೆತ್ತಿಯ ಮೇಲಿಡದೆ ಪಕ್ಕಕ್ಕೆ ಸರಿಸಿ, ನಡುವೆ ಪಾತ್ರೆಯ ಕೋಣೆಯೊಂದನ್ನು ಇಟ್ಟಿದ್ದರೆ ಆ ಅಜ್ಜಿಗೆ ನೆಮ್ಮದಿಯ ಸಾವು ಸಿಗುತ್ತಿತ್ತು.

ಕಂಬಗಳದ್ದು ಇನ್ನೊಂದು ತಕರಾರು. ಸಭಾಂಗಣದ ನಡುವೆ ಕಂಬ ಬರಬಾರದು. ಅದರ ಮೇಲೆ ಸಣ್ಣ ಸಣ್ಣ ಕಚೇರಿಗಳನ್ನು ಪೇರಿಸಿದರೆ ಅವುಗಳ ಭಾರ ಹೊರಲು ಆಳೆತ್ತರದ ತೊಲೆಗಳು ಬೇಕು. ಹಾಗಾದರೆ ಸಭಾಂಗಣವನ್ನೇ ಮೇಲಕ್ಕೆ ಹಾಕೋಣವೆಂದರೆ ಆಟ ಬಿಟ್ಟ ಮೇಲೆ ನೂರಾರು ಜನ ಒಟ್ಟಿಗೇ ಮೆಟ್ಟಿಲಿಳಿಯಬೇಕು, ನಾಟಕದ ಸೆಟ್ಟು ಲಿಫ್ಟಿನಲ್ಲಿ ಹತ್ತಬೇಕು.

ಹೆಲ್ಸಿಂಕಿಯ ಊಡಿ ಗ್ರಂಥಾಲಯ ಈ ತೊಡಕನ್ನು ಸೇತುವೆ ಕಟ್ಟುವವರ ರೀತಿಯಲ್ಲಿ ಬಿಡಿಸಿತು. ಫಿನ್‌ಲೆಂಡ್ ಸ್ವತಂತ್ರವಾಗಿ ನೂರು ವರ್ಷ ತುಂಬಿದ ನೆನಪಿಗೆ ಕಟ್ಟಿದ ಇದು ಬಾಗಿಲು ತೆರೆದದ್ದು 2018ರ ಡಿಸೆಂಬರ್ 5ರಂದು. ಆ ನಿವೇಶನದ ಕೆಳಗೆ ಮುಂದೆಂದಾದರೂ ರಸ್ತೆಯ ಸುರಂಗ ಬರಬಹುದೆಂಬ ಯೋಜನೆಯಿತ್ತು, ಹಾಗಾಗಿ ಬೇಕಾದಲ್ಲಿ ಕಂಬ ಊರುವಂತಿರಲಿಲ್ಲ. ವಾಸ್ತುಶಿಲ್ಪಿಗಳು ನೂರು ಮೀಟರಿಗೂ ಉದ್ದದ ಎರಡು ಉಕ್ಕಿನ ಕಮಾನುಗಳ ಮೇಲೆ ಇಡೀ ಕಟ್ಟಡವನ್ನು ನಿಲ್ಲಿಸಿದರು. ಕೆಳಗೆ ಕಂಬವಿಲ್ಲದ ಹಜಾರ, ಊಟದ ಮನೆ, ಸಿನಿಮಾ ಮಂದಿರ. ಮೇಲೆ ಬೆಳಕು ತುಂಬಿದ ಮಹಡಿಯಲ್ಲಿ ಸುಮಾರು ಒಂದು ಲಕ್ಷ ಪುಸ್ತಕ. ಕಮಾನಿನ ಉಕ್ಕು ಹಾದುಹೋಗುವ ನಡುವಿನ ಮಹಡಿ ಬೇರೆಯವರ ಕೈಯಲ್ಲಾದರೆ ಗೋಡೌನ್ ಆಗುತ್ತಿತ್ತು. ಇಲ್ಲಿ ಆ ಮೂಲೆ ಮುಡುಕುಗಳಲ್ಲೇ ಸಂಗೀತ ಧ್ವನಿಮುದ್ರಣದ ಕೋಣೆ, ಹೊಲಿಗೆ ಯಂತ್ರ, ತ್ರೀಡಿ ಪ್ರಿಂಟರು, ಗುಂಪಾಗಿ ಕೂತು ಕೆಲಸ ಮಾಡುವ ಕೋಣೆ, ಅಡುಗೆಮನೆ ಸಹ. ಪರದೆ ಬಟ್ಟೆ ತಂದು ಅಂಚು ಹೊಲಿದುಕೊಂಡು ಹೋಗಬಹುದು. ಎದುರಿಗೇ ಸಂಸತ್ತು. ಗ್ರಂಥಾಲಯದ ಮೇಲಿನ ಮೊಗಸಾಲೆಯ ಎತ್ತರವನ್ನು ಸಂಸತ್ತಿನ ಮೆಟ್ಟಿಲುಗಳ ತುದಿಗೆ ಸಮನಾಗಿ ಇಟ್ಟಿದ್ದಾರೆ. ಪುಸ್ತಕ ಓದುವವನು ಮಂತ್ರಿಯನ್ನು ಕತ್ತೆತ್ತಿ ನೋಡಬೇಕಿಲ್ಲ.

ಇಂಥ ನಕ್ಷೆ ಯಾರಾದರೂ ತೋರಿಸಿದರೆ ನಾನು ಮೊದಲು ಹುಡುಕುವುದು ಶೌಚಾಲಯವನ್ನು. ನಗಬೇಡಿ. ವಾಚನಾಲಯ ಎಂಟಕ್ಕೆ ಮುಚ್ಚುತ್ತದೆ, ನಾಟಕ ಹತ್ತಕ್ಕೆ ಬಿಡುತ್ತದೆ. ಶೌಚಾಲಯವೂ ಕುಡಿಯುವ ನೀರೂ ವಾಚನಾಲಯದ ಬಾಗಿಲಿನ ಒಳಗಿದ್ದರೆ ಎಂಟರ ಮೇಲೆ ಆ ಕಟ್ಟಡದಲ್ಲಿ ಹೆಂಗಸರು ಮಕ್ಕಳು ಇರಲಾರರು. ಪ್ರತಿಯೊಂದಕ್ಕೂ ಅದರದೇ ಬೀಗವಿರಲಿ, ಆದರೆ ನಡುವಿನ ಅಂಗಳ, ನೀರು, ಚಹಾ, ಬೆಂಚು ಎಲ್ಲ ಬೀಗಗಳ ಹೊರಗಿರಲಿ. ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಒಳಗೆ ಬಿಡುವುದಿಲ್ಲ, ಅದು 2004ರಿಂದ ಬಂದ ಶಿಸ್ತು. ಆದರೆ ತಡವಾಗಿ ಬಂದವರು ಹೊರಗೆ ಅನಾಥರಾಗುವುದಿಲ್ಲ. ಪುಸ್ತಕದಂಗಡಿಯಿದೆ, ತಿಂಡಿಯಿದೆ. ಟಿಕೆಟ್ಟಿನ ಉದ್ದೇಶವೇ ಇಲ್ಲದೆ ಬಂದು ಕೂತವರನ್ನೂ ಅಲ್ಲಿ ನೋಡಿದ್ದೇನೆ.

ಇದಕ್ಕೆಲ್ಲ ದುಡ್ಡೆಲ್ಲಿ ಎಂದು ಕೇಳುವಿರಿ. ಆ ಒಂದೂವರೆ ಶೇಕಡಾ ನೆನಪಿದೆಯಲ್ಲ? ನಮ್ಮಲ್ಲೂ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಡಿ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವಿದೆ, ಶೇ 6. ಮನೆ ತೆರಿಗೆಯ ರಸೀದಿ ತೆಗೆದು ನೋಡಿ. ಸಾಧಾರಣ ಶಾಖಾ ಗ್ರಂಥಾಲಯವೊಂದರ ನಕ್ಷೆಗೆ ಒಂದು ಪಡಸಾಲೆ, ನಾಲ್ಕು ಬೆಂಚು, ರಾತ್ರಿ ಹತ್ತರವರೆಗೆ ಉರಿಯುವ ದೀಪ ಸೇರಿಸಲು ಉಕ್ಕಿನ ಕಮಾನು ಬೇಕಾಗಿಲ್ಲ. ಬೇಕೆನ್ನುವ ಜನ ಎಲ್ಲಿದ್ದಾರೆ ಎಂದು ತಿಳಿಯಬೇಕಾದರೆ ಧಾರವಾಡದ ಸಪ್ತಾಪುರಕ್ಕೆ ಹೋಗಿ ಬರಬೇಕು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ಬಂದ ಹುಡುಗ ಹುಡುಗಿಯರು ಅಲ್ಲಿ ತಿಂಗಳ ಲೆಕ್ಕದಲ್ಲಿ ದುಡ್ಡು ಕೊಟ್ಟು ಒಂದು ಕುರ್ಚಿ, ಒಂದು ಮೇಜು ಬಾಡಿಗೆ ಹಿಡಿಯುತ್ತಾರೆ. ರೀಡಿಂಗ್ ರೂಮ್ ಎಂದು ಬೋರ್ಡು. ಬೆಂಗಳೂರಿನವರು ಕೋವರ್ಕಿಂಗ್ ಎಂದು ದೊಡ್ಡ ಹೆಸರಿಟ್ಟು ಕೊಡುವ ಸರಕೇ ಇದು. ಒಳಗೆ ಸೂಜಿ ಬಿದ್ದರೆ ಕೇಳುವ ಮೌನ. ಮಾತಾಡುವ ಹಾಗಿಲ್ಲ, ಪಾಠ ಒಪ್ಪಿಸುವ ಹಾಗಿಲ್ಲ.

ಹೋದ ಸಲ ಹೋದಾಗ ಸಂಜೆ ನಾಲ್ಕೂವರೆ. ಅಂಥದೊಂದು ರೀಡಿಂಗ್ ರೂಮಿನ ಎದುರು ಚಹಾದಂಗಡಿ. ಇಬ್ಬರು ಹುಡುಗರು, ಒಬ್ಬಳು ಹುಡುಗಿ ಗ್ಲಾಸು ಹಿಡಿದು ನಿಂತಿದ್ದರು.

“ಹತ್ತನೇ ಶೆಡ್ಯೂಲ್ ಯಾವ ತಿದ್ದುಪಡಿಯೊಳಗ ಬಂತು?”

“ಐವತ್ತೆರಡು.”

“ಇಸವಿ?”

“ಎಂಬತ್ತೈದು” ಎಂದಳು ಹುಡುಗಿ. ಚಹಾ ಮುಗಿದು ಬಹಳ ಹೊತ್ತಾಗಿತ್ತು. ಅಂಗಡಿಯವನು ಒಲೆಯ ಹಿಂದಿನಿಂದ ಕೂಗಿದ: “ಗಿರಾಕಿ ಬಂದಾರ, ಸ್ವಲ್ಪ ಸರದು ನಿಂದರ್ರಿ.” ಮೂವರೂ ಖಾಲಿ ಗ್ಲಾಸು ಹಿಡಿದುಕೊಂಡೇ ಎರಡು ಹೆಜ್ಜೆ ಗಟಾರದ ಕಡೆ ಸರಿದರು. ಮುಂದಿನ ಪ್ರಶ್ನೆ ಹುಡುಗಿಯದು.