ಒಂದು ಚೂರು



ಹೋದ ಶ್ರಾವಣದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಮಂಗಳಾರತಿ ಆಯಿತು, ತೀರ್ಥ ಆಯಿತು. ಆ ಮನೆಯ ಅಜ್ಜಿ ಸಪಾದದ ಪಾತ್ರೆ ಹಿಡಿದು ಎಲ್ಲರ ಕೈಗೂ ಪ್ರಸಾದ ಹಾಕುತ್ತಾ ಬಂದರು. ತುಪ್ಪದಲ್ಲಿ ಹುರಿದ ರವೆ, ಹಾಲು, ಸಕ್ಕರೆ, ಬಾಳೆಹಣ್ಣು, ಮನೆಯೆಲ್ಲ ಘಮ್ಮೆನ್ನುತ್ತಿತ್ತು. ಹನ್ನೊಂದು ವರ್ಷದ ನನ್ನ ಮಗಳು ಕೈ ಚಾಚದೆ ನನ್ನ ಮುಖ ನೋಡಿದಳು. "ಒಂದ್ ಚೂರು ಬಾಯಿಗೆ ಹಾಕ್ಕೋ ಪುಟ್ಟಿ, ಪ್ರಸಾದ ಬೇಡ ಅನ್ನಬಾರದು" ಅಂದರು ಅಜ್ಜಿ. ಅವಳು ಪ್ರಸಾದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಹಾಕಿದಳು. ಹಿತ್ತಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದು, ತಟ್ಟೆಯಿಂದ ಒಂದು ಬಾಳೆಹಣ್ಣು ತೆಗೆದುಕೊಂಡಳು. ಅಜ್ಜಿಯ ಮುಖ ಸಣ್ಣದಾಯಿತು.

ನನ್ನ ಮಗಳಿಗಿರುವುದು ಸೀಲಿಯಾಕ್ ಕಾಯಿಲೆ. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳಲ್ಲಿ ಗ್ಲುಟೆನ್ ಅನ್ನುವ ಪ್ರೋಟೀನ್ ಇರುತ್ತದೆ. ಅದು ಹೊಟ್ಟೆಗೆ ಹೋದರೆ ಈ ಕಾಯಿಲೆಯವರ ಮೈಯ ರಕ್ಷಣಾ ಪಡೆ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿ ಬೀಳುತ್ತದೆ. ಕರುಳಿನ ಒಳಮೈ ಟರ್ಕಿ ಟವೆಲ್ಲಿನ ಹಾಗೆ ಎಳೆ ಎಳೆಯಾಗಿರುತ್ತದೆ. ಆಹಾರದ ಸತ್ವವನ್ನು ಹೀರಿಕೊಳ್ಳುವುದು ಆ ಎಳೆಗಳೇ. ಅವು ಸವೆದು ಸಪಾಟಾದರೆ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ.

ಗ್ಲುಟೆನ್ ಹೇಗಿರುತ್ತದೆ ಎಂದು ನೋಡಬೇಕೇ? ಚಪಾತಿ ಹಿಟ್ಟಿನ ಒಂದು ಉಂಡೆಯನ್ನು ನಲ್ಲಿಯ ಕೆಳಗೆ ಹಿಡಿದು ಮೆಲ್ಲಗೆ ಹಿಸುಕುತ್ತಾ ಹೋಗಿ. ಗಂಜಿಯೆಲ್ಲ ಹಾಲಿನಂತೆ ಹರಿದುಹೋಗಿ, ಕೊನೆಗೆ ಬೆರಳಿಗೆ ಅಂಟಿಕೊಂಡು ರಬ್ಬರಿನಂತೆ ಎಳೆದಷ್ಟೂ ಬರುವ ಮುದ್ದೆ ಉಳಿಯುತ್ತದೆ. ಅದೇ ಗ್ಲುಟೆನ್. ಅದಿರುವುದರಿಂದಲೇ ಚಪಾತಿಯನ್ನು ಲಟ್ಟಿಸಬಹುದು, ಹೋಳಿಗೆಯ ಕಣಕ ಹೂರಣದ ಸುತ್ತ ಹರಿಯದೆ ಹಿಗ್ಗುತ್ತದೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಬೇಕು, ರೊಟ್ಟಿಯನ್ನು ಕೈಯಲ್ಲಿ ತಟ್ಟಬೇಕು. ನಮ್ಮ ಅಜ್ಜಿಯಂದಿರು ಆ ಹೆಸರು ಕೇಳಿರಲಿಲ್ಲ, ಆದರೆ ಯಾವ ಹಿಟ್ಟಿನಲ್ಲಿ ಅದಿದೆ, ಯಾವುದರಲ್ಲಿ ಇಲ್ಲ ಎಂಬುದು ಅವರ ಅಂಗೈಗೆ ಗೊತ್ತಿತ್ತು.

ವೈದ್ಯರಿಗೆ ಇದು ಗೊತ್ತಾಗಿದ್ದು ತಡವಾಗಿ. 1888ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಗೀ ಈ ಕಾಯಿಲೆಯ ಲಕ್ಷಣಗಳನ್ನೆಲ್ಲ ಬರೆದಿಟ್ಟರು. ವಾಸಿಯಾಗುವುದಾದರೆ ಅದು ಪಥ್ಯದಿಂದಲೇ ಎಂದೂ ಹೇಳಿದರು. ಯಾವ ಪಥ್ಯ ಎಂಬುದು ಮಾತ್ರ ತಿಳಿಯಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬ ವೈದ್ಯರು ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಹೇಳಿದರು. ಸೊರಗಿದ ಮಕ್ಕಳು ಚೇತರಿಸಿಕೊಂಡರು, ಬಾಳೆಹಣ್ಣಿಗೆ ಕೀರ್ತಿ ಬಂತು. ನಿಜಕ್ಕೂ ಕೆಲಸ ಮಾಡಿದ್ದು ಆ ಪಥ್ಯದಲ್ಲಿ ಬ್ರೆಡ್ಡು ಇಲ್ಲದಿದ್ದುದು. ಕಾರಣ ಹಿಡಿದವರು ನೆದರ್ಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆ. ಬ್ರೆಡ್ಡು ಬಿಟ್ಟ ಮಗು ಸುಧಾರಿಸುವುದನ್ನು ಅವರು 1930ರ ದಶಕದಲ್ಲೇ ಗಮನಿಸಿದ್ದರು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ ಆ ದೇಶಕ್ಕೆ ಭೀಕರ ಕ್ಷಾಮ ಬಂತು. ಗೋಧಿ ಸಿಗದೆ ಜನ ಟ್ಯುಲಿಪ್ ಗಡ್ಡೆ ತಿಂದು ಬದುಕಿದರು. ಊರೆಲ್ಲ ಬಡವಾಗುತ್ತಿರುವಾಗ ಈ ಕಾಯಿಲೆಯ ಮಕ್ಕಳು ಹದಗೆಡಲಿಲ್ಲ ಎಂಬುದು ಅವರ ಅನುಮಾನವನ್ನು ಗಟ್ಟಿಮಾಡಿತು. 1950ರಲ್ಲಿ ತಮ್ಮ ಪ್ರಬಂಧದಲ್ಲಿ ಅದನ್ನು ಸಾಬೀತುಪಡಿಸಿದರು. ಇವತ್ತಿಗೂ ಇದಕ್ಕೆ ಮಾತ್ರೆಯಿಲ್ಲ. ಗ್ಲುಟೆನ್ ಬಿಡುವುದೊಂದೇ ಔಷಧ, ಅದೂ ಜೀವನಪೂರ್ತಿ.

ಕಾಯಿಲೆ ಪತ್ತೆಯಾಗುವ ಮುಂಚೆ ನನ್ನ ಮಗಳು ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಎರಡು ವರ್ಷ ಮೊದಲನೆಯವಳಾಗಿಯೇ ನಿಂತಳು. ಅಂದರೆ ಎತ್ತರ ಬೆಳೆಯಲೇ ಇಲ್ಲ. ಹಿಮೋಗ್ಲೋಬಿನ್ ಎಂಟರ ಮೇಲೆ ಏರಲಿಲ್ಲ. ಕಬ್ಬಿಣಾಂಶದ ಟಾನಿಕ್ ಬಾಟಲಿ ಬಾಟಲಿ ಖಾಲಿಯಾಯಿತು. ಜಂತುಹುಳು ಎಂದರು ಒಬ್ಬ ವೈದ್ಯರು, ಮಗು ಸರಿಯಾಗಿ ಊಟ ಮಾಡುತ್ತಿಲ್ಲ ಎಂದರು ಇನ್ನೊಬ್ಬರು. ಅವರು ಹಾಗಂದ ರಾತ್ರಿಗಳಲ್ಲಿ ನಾನು ಅವಳಿಗೆ ಇನ್ನೊಂದು ಚಪಾತಿ ಬಲವಂತವಾಗಿ ತಿನ್ನಿಸಿದ್ದೇನೆ. ಅದು ನೆನಪಾದರೆ ಈಗಲೂ ಸಂಕಟವಾಗುತ್ತದೆ. ಹೊಟ್ಟೆ ನೋವಾಗಲಿ ಭೇದಿಯಾಗಲಿ ಅವಳಿಗೆ ಅಷ್ಟಾಗಿ ಇರಲಿಲ್ಲ. ಕಬ್ಬಿಣವನ್ನು ಹೀರುವುದು ಸಣ್ಣ ಕರುಳಿನ ಮೊದಲ ಭಾಗ. ಈ ಕಾಯಿಲೆ ಮೊದಲು ಕೆಡಿಸುವುದೂ ಅದನ್ನೇ. ಹಾಗಾಗಿ ಎಷ್ಟು ಟಾನಿಕ್ ಕೊಟ್ಟರೂ ರಕ್ತ ಏರದಿದ್ದರೆ, ಮಗು ಬೆಳೆಯದಿದ್ದರೆ, ಬಾಯಿಹುಣ್ಣು ಮತ್ತೆ ಮತ್ತೆ ಬರುತ್ತಿದ್ದರೆ, ಟಿಟಿಜಿ ಎಂಬ ರಕ್ತ ಪರೀಕ್ಷೆಯ ಬಗ್ಗೆ ವೈದ್ಯರನ್ನು ಕೇಳಿ. ಆಮೇಲೆ ಎಂಡೋಸ್ಕೋಪಿ ಮಾಡಿ ಕರುಳಿನ ಚೂರು ತೆಗೆದು ನೋಡುತ್ತಾರೆ. ಪರೀಕ್ಷೆಗೆ ಮುಂಚೆ ಗೋಧಿ ಬಿಡಬೇಡಿ. ಬಿಟ್ಟರೆ ಕರುಳು ಸುಧಾರಿಸತೊಡಗಿ ಪರೀಕ್ಷೆಯಲ್ಲಿ ಏನೂ ಕಾಣದೇ ಹೋಗಬಹುದು. ಒಬ್ಬರಿಗಿದ್ದರೆ ಒಡಹುಟ್ಟಿದವರೂ ಅಪ್ಪ ಅಮ್ಮನೂ ಪರೀಕ್ಷೆ ಮಾಡಿಸಬೇಕು.

ಇದು ಉತ್ತರ ಭಾರತದವರ ಕಾಯಿಲೆ ಎಂಬ ಮಾತಿದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ಉತ್ತರದಲ್ಲಿ ನೂರಕ್ಕೆ 1.23 ಮಂದಿಗೆ, ದಕ್ಷಿಣದಲ್ಲಿ 0.10 ಮಂದಿಗೆ, ಅಂದರೆ ಸಾವಿರಕ್ಕೊಬ್ಬರಿಗೆ ಇದಿದೆ ಎಂದು ಕಂಡುಕೊಂಡಿತು. ಆದರೆ ಕಾಯಿಲೆಗೆ ದಾರಿಮಾಡುವ ವಂಶವಾಹಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ವ್ಯತ್ಯಾಸವಿದ್ದುದು ತಟ್ಟೆಯಲ್ಲಿ, ಗೋಧಿಯ ಪ್ರಮಾಣದಲ್ಲಿ. ಮುದ್ದೆ, ಅನ್ನ ಬಿಟ್ಟು ಚಪಾತಿ ತಿನ್ನಿ ಎಂಬ ಉಪದೇಶ ಮನೆಮನೆಗೂ ತಲುಪಿರುವ ಈ ಕಾಲದಲ್ಲಿ ನಮ್ಮ ವೈದ್ಯರಿಗೂ ಈ ಕಾಯಿಲೆ ಬೇಗ ನೆನಪಾಗಬೇಕು ಎಂಬುದು ನನ್ನ ಆಸೆ. ಹಾಗೆಂದು ಕಾಯಿಲೆಯಿಲ್ಲದವರು ಹೆದರಿ ಗೋಧಿ ಬಿಡಬೇಕಾಗಿಲ್ಲ.

ಈಗ ಅಜ್ಜಿಯ "ಒಂದ್ ಚೂರು" ವಿಷಯಕ್ಕೆ ಬರುತ್ತೇನೆ. 2007ರಲ್ಲಿ ಇಟಲಿಯ ಸಂಶೋಧಕರು, ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನ್ನನ್ನು ಮೂರು ತಿಂಗಳು ಕೊಟ್ಟರೆ ಈ ಕಾಯಿಲೆಯವರ ಕರುಳಿಗೆ ಹಾನಿಯಾಗುತ್ತದೆ ಎಂದು ತೋರಿಸಿದರು. 50 ಮಿಲಿಗ್ರಾಂ ಎಂದರೆ ಸುಮಾರು ಅರ್ಧ ಗ್ರಾಂ ಗೋಧಿ ಹಿಟ್ಟು, ಒಂದು ಚಿಟಿಕೆ. ಗ್ಲುಟೆನ್ ಇಲ್ಲ ಎಂದು ಪೊಟ್ಟಣದ ಮೇಲೆ ಬರೆಯಬೇಕಾದರೆ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಇರಬಾರದು ಎಂಬುದು ನಮ್ಮ ದೇಶದ ನಿಯಮ. ಪ್ರೀತಿಯಿಂದ ಕೊಟ್ಟ ಚೂರು ಯಾವುದು, ಅಪ್ಪಿತಪ್ಪಿ ಬಿದ್ದ ಚೂರು ಯಾವುದು ಎಂದು ಕರುಳಿಗೆ ತಿಳಿಯುವುದಿಲ್ಲ.

ಕಾಯಿಲೆ ಗೊತ್ತಾದ ಮೊದಲ ವಾರ ನನಗೆ ಸಮಾಧಾನವೇ ಆಗಿತ್ತು. ಅನ್ನ, ರಾಗಿ, ಜೋಳ, ಸಜ್ಜೆ, ನವಣೆ, ಅವಲಕ್ಕಿ, ಮಂಡಕ್ಕಿ ಎಲ್ಲ ತಿನ್ನಬಹುದಲ್ಲ, ಉಪ್ಪಿಟ್ಟು ಶಾವಿಗೆ ಬಿಟ್ಟರಾಯಿತು ಎಂದುಕೊಂಡೆ. ಆಮೇಲೆ ಇಂಗಿನ ಡಬ್ಬಿ ಓದಿದೆ. ಇಂಗಿನ ಅಂಟು ಬಹಳ ಘಾಟು, ಹಾಗೇ ಬಳಸಲಾಗುವುದಿಲ್ಲ ಎಂದು ಹಿಟ್ಟು ಬೆರೆಸುತ್ತಾರೆ, ಬಹುಪಾಲು ಅದು ಮೈದಾ. ಅಂದರೆ ಸಾರು, ಹುಳಿ, ಉಪ್ಪಿನಕಾಯಿ ಎಲ್ಲದರಲ್ಲೂ ಅದಿತ್ತು. ಅಕ್ಕಿಹಿಟ್ಟು ಬೆರೆಸಿದ ಇಂಗು ಹುಡುಕಿಕೊಂಡೆವು. ಕೋಡುಬಳೆಗೆ, ನಿಪ್ಪಟ್ಟಿಗೆ ಮೈದಾ, ಚಿರೋಟಿ ರವೆ ಬೆರೆಸುವವರಿದ್ದಾರೆ. ಹೋಟೆಲಿನಲ್ಲಿ ರವೆ ದೋಸೆ ಎಬ್ಬಿಸಿದ ಕಾವಲಿಯ ಮೇಲೆಯೇ ಬೆಣ್ಣೆ ದೋಸೆ ಹೊಯ್ಯುತ್ತಾರೆ, ಸಮೋಸ ಕರಿದ ಎಣ್ಣೆಯಲ್ಲೇ ಮೆಣಸಿನಕಾಯಿ ಕರಿಯುತ್ತಾರೆ. ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ ಜೊತೆ ಮೆಣಸಿನಕಾಯಿ ಬೇಡ ಎಂದು ಮಗುವಿಗೆ ಹೇಳುವುದು ಎಷ್ಟು ಕಷ್ಟ ಎಂದು ಈ ಊರಿನವರಿಗೆ ವಿವರಿಸಬೇಕಾಗಿಲ್ಲ. ಮನೆಯಲ್ಲಿ ಅವಳಿಗೆ ಬೇರೆ ಕಾವಲಿ, ಬೇರೆ ಜರಡಿ, ಬೇರೆ ಲಟ್ಟಣಿಗೆ ತಂದೆವು. ಕೊನೆಗೆ ಎಲ್ಲರಿಗೂ ಒಂದೇ ಅಡುಗೆ ಎಂದು ತೀರ್ಮಾನ ಮಾಡಿದ ಮೇಲೆ ನಿರಾಳವಾಯಿತು.

ಆದರೂ ಆರು ತಿಂಗಳ ನಂತರ ಟಿಟಿಜಿ ಇಳಿಯಬೇಕಾದಷ್ಟು ಇಳಿದಿರಲಿಲ್ಲ. ಎಲ್ಲಿ ತಪ್ಪುತ್ತಿದ್ದೇವೆ ಎಂದು ತಿಳಿಯದೆ ಒದ್ದಾಡುತ್ತಿದ್ದಾಗ ಒಂದು ದಿನ ರಾಗಿ ಬೀಸಿಸಲು ಗಿರಣಿಗೆ ಹೋದೆ. ನನ್ನ ಮುಂದಿದ್ದವರದು ಗೋಧಿ. ಅವರ ಡಬ್ಬ ತುಂಬಿತು, ಗಿರಣಿಯವರು ಕೊಳವೆಯ ಬಟ್ಟೆಯನ್ನು ಎರಡು ಸಲ ಕೊಡವಿ ನನ್ನ ರಾಗಿ ಸುರಿದರು. ಮೊದಲು ಬಂದ ಹಿಟ್ಟು ಬಿಳಿ. ಆಮೇಲೆ ಬೂದು. ಆಮೇಲೆ ರಾಗಿಯ ಬಣ್ಣ. ಅಷ್ಟು ದಿನ ಆ ಬಿಳಿ ಹಿಟ್ಟನ್ನೂ ಸೇರಿಸಿ ಮುದ್ದೆ ತಿರುವಿದ್ದೆ. ಅವತ್ತು ಅಲ್ಲೇ ಕಟ್ಟೆಯ ಮೇಲೆ ಕುಳಿತುಬಿಟ್ಟೆ. ಮಾರನೇ ವಾರವೇ ಮನೆಗೊಂದು ಸಣ್ಣ ಹಿಟ್ಟಿನ ಯಂತ್ರ ತಂದೆವು. ಅದರಲ್ಲಿ ಗೋಧಿ ಒಮ್ಮೆಯೂ ಬಿದ್ದಿಲ್ಲ. ಮುಂದಿನ ಪರೀಕ್ಷೆಯಲ್ಲಿ ಅಂಕಿ ಇಳಿದಿತ್ತು. ಈಗ ಅವಳು ಪ್ರಾರ್ಥನೆಯ ಸಾಲಿನಲ್ಲಿ ನಡುವೆ ನಿಲ್ಲುತ್ತಾಳೆ.

ಪೂಜೆಯ ದಿನ ಸಂಜೆ ನಾನು ಅಜ್ಜಿಯ ಹತ್ತಿರ ಕುಳಿತು ಈ ಗಿರಣಿಯ ಕಥೆಯನ್ನೇ ಹೇಳಿದೆ. ಅವರು ಏನೂ ಅನ್ನಲಿಲ್ಲ. ಗಣೇಶ ಚೌತಿಯ ಬೆಳಿಗ್ಗೆ ಸೆರಗಿನಲ್ಲಿ ಮುಚ್ಚಿಕೊಂಡು ಒಂದು ಸ್ಟೀಲ್ ಡಬ್ಬಿ ತಂದರು. "ಕರಿಗಡುಬು ಮಾಡ್ಲಿಲ್ಲಮ್ಮ, ಅಕ್ಕಿಹಿಟ್ಟಿಂದು, ಹಬೇಲಿ ಬೇಯ್ಸಿದ್ದು. ಹಿಟ್ಟು ಗಿರಣಿಗೆ ಕೊಟ್ಟಿಲ್ಲ. ನಿಮ್ಮನೇಲಿ ಮೊನ್ನೆ ಮಿಕ್ಸಿ ಇಸ್ಕೊಂಡು ಹೋದೆನಲ್ಲ, ಅದಕ್ಕೇ."

ಪುಟ್ಟಿ ಐದು ಕಡುಬು ತಿಂದಳು.