ಕುದುರೆಯ ಹೊಟ್ಟೆಗೆ ಕಿವಿಗೊಟ್ಟು

ಗುಬ್ಬಿ ತಾಲ್ಲೂಕಿನ ಚೇಳೂರು ಸೀಮೆಗೆ ಹುರುಳಿ ಹೊಸದಲ್ಲ. ಬೇಯಿಸಿದ ಹುರುಳಿಯ ಕಟ್ಟು ಬಸಿದು ಮನೆಮಂದಿ ಸಾರು ಮಾಡಿಕೊಂಡರೆ, ಬೆಂದ ಕಾಳು ಕೊಟ್ಟಿಗೆಗೋ ಲಾಯಕ್ಕೋ ಹೋಗುತ್ತಿತ್ತು. ಹಸುವಿಗೆ ಹಾಕುವ ಒಂದು ಹಸಿರು ಮೇವಿಗಂತೂ ಕುದುರೆಯದೇ ಹೆಸರು: ಕುದುರೆ ಮಸಾಲೆ.

ಇದೇ ಜಿಲ್ಲೆಯ ಕುಣಿಗಲ್ಲಿನಲ್ಲಿ ಟಿಪ್ಪು ಸುಲ್ತಾನನ ಕಾಲಕ್ಕೇ ದಂಡಿನ ಕುದುರೆಗಳನ್ನು ಸಾಕುತ್ತಿದ್ದರು. 1799ರ ನಂತರ ಆ ಸಾಕಣೆ ಬ್ರಿಟಿಷರ ಕೈಸೇರಿತು. ಮುಂದೆ ಕುಣಿಗಲ್ ಸ್ಟಡ್ ಫಾರಂ ಎಂದರೆ ರೇಸಿನ ಥರೋಬ್ರೆಡ್ ಕುದುರೆಗಳು ಎಂಬಷ್ಟು ಹೆಸರಾಯಿತು.

ಕಾಳು ಎಷ್ಟೇ ಕಸುವು ಕೊಟ್ಟರೂ ಕುದುರೆಯ ಮುಖ್ಯ ಊಟ ಹುಲ್ಲೇ. 450 ಕಿಲೊ ತೂಗುವ ಕುದುರೆಗೆ ದಿನಕ್ಕೆ 7ರಿಂದ 9 ಕಿಲೊ ಒಣಹುಲ್ಲು ಬೇಕು. ಅಷ್ಟು ದೊಡ್ಡ ಮೈಗೆ ಜಠರ ಮಾತ್ರ ಚಿಕ್ಕದು; ಅದರ ಬಾಯಿಯ ಬಿಗಿ ಎಷ್ಟೆಂದರೆ, ಕುದುರೆಗೆ ವಾಂತಿ ಮಾಡಲು ಆಗುವುದೇ ಇಲ್ಲ. ಒಮ್ಮೆಲೇ ಕಾಳು ಸುರಿದರೆ ಹೊಟ್ಟೆ ಉಬ್ಬರಿಸಿ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ, ಹಲವು ಬಾರಿ ಮೇವು ಹಾಕಬೇಕು. ಮೇವು ಬದಲಿಸುವುದಿದ್ದರೆ ಒಂದೆರಡು ವಾರ ತೆಗೆದುಕೊಳ್ಳಬೇಕು.

ಲಾಯದಲ್ಲಿ ಪಳಗಿದ ಕೈಯವರು ಪಕ್ಕೆಯ ಹಿಂದಿನ ಗುಳಿಗೆ ಕಿವಿಯಿಟ್ಟು ಕೇಳುತ್ತಾರೆ. ಒಳಗೆ ಗುಡುಗುಡು ಸದ್ದಿದ್ದರೆ ನೆಮ್ಮದಿ. ಸದ್ದಡಗಿದ್ದು, ಕುದುರೆ ಕಾಲಿಂದ ನೆಲ ಕೆರೆಯುತ್ತ, ಹೊಟ್ಟೆಯತ್ತಲೇ ತಿರುಗಿ ನೋಡುತ್ತ, ಮತ್ತೆ ಮತ್ತೆ ಹೊರಳಾಡಿದರೆ ಅದು ಹೊಟ್ಟೆಶೂಲೆ. ಮೇವು ತೆಗೆದಿಟ್ಟು, ತಡಮಾಡದೆ ಪಶುವೈದ್ಯರನ್ನು ಕರೆಸಬೇಕು.

ನಾಡಿ ಸಿಗುವುದು ದವಡೆಯ ಕೆಳಗೆ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಗೆ ನಿಮಿಷಕ್ಕೆ 28ರಿಂದ 44 ಬಡಿತ, 8ರಿಂದ 16 ಉಸಿರು, ಮೈಶಾಖ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಓಡಿ ಬಂದ ಮೇಲೆ ಏರಿದ ಬಡಿತ ಎಷ್ಟು ಬೇಗ ಇಳಿಯುತ್ತದೆ ಎನ್ನುವುದರಲ್ಲಿ ಅದರ ದಮ್ಮು ತಿಳಿಯುತ್ತದೆ. ಚೆನ್ನಾಗಿರುವ ದಿನವೇ ಈ ಲೆಕ್ಕ ಬರೆದಿಟ್ಟರೆ, ಕೆಟ್ಟ ದಿನ ಹೋಲಿಸಿ ನೋಡಲು ಸಾಧ್ಯ.

ಇನ್ನು ಗೊರಸು. ತಿಂಗಳಿಗೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಆರೆಂಟು ವಾರಕ್ಕೊಮ್ಮೆ ಕೊರೆದು, ಲಾಳ ಬದಲಿಸಬೇಕು. ಸವಾರಿಗೆ ಮುಂಚೆಯೂ ಆಮೇಲೂ ಕಾಲೆತ್ತಿ, ಸಿಕ್ಕಿಕೊಂಡ ಕಲ್ಲು, ಲದ್ದಿ ತೆಗೆಯಬೇಕು. ಅಡಿಯಲ್ಲಿ ಬಾಣದ ಮೊನೆಯಂತಿರುವ ಮೆತ್ತನೆಯ ಭಾಗ ಕಪ್ಪಾಗಿ ಕೊಳೆತ ವಾಸನೆ ಬಂದರೆ, ಲಾಯದ ನೆಲ ಒದ್ದೆಯಿದೆಯೇ ಎಂದು ಮೊದಲು ನೋಡಬೇಕು.

ಹನ್ನೊಂದು ತಿಂಗಳು ಹೊತ್ತು ಹೆಣ್ಣುಕುದುರೆ ಈಯುವುದು ಹೆಚ್ಚಾಗಿ ರಾತ್ರಿ ಹೊತ್ತು. ಆಗ ಕುದುರೆ ನೋಡಿಕೊಳ್ಳುವ ಸಯಿಸನ ಕಣ್ಣು ಗಡಿಯಾರದ ಮೇಲೆ: ಒಂದು ಗಂಟೆಯೊಳಗೆ ಮರಿ ಎದ್ದು ನಿಲ್ಲಬೇಕು, ಎರಡರೊಳಗೆ ಮೊಲೆ ಹಿಡಿಯಬೇಕು, ಮೂರರೊಳಗೆ ತಾಯಿಯ ಮಾಸು ಬೀಳಬೇಕು. ಮೂರೂ ಆದವೆಂದರೆ, ಆತ ಬಕೆಟ್ಟಿನಲ್ಲಿ ನೀರು ತಂದು ಬಾಣಂತಿಯ ಮುಂದಿಡುತ್ತಾನೆ.