ಒಂಬತ್ತು ರೆಕ್ಕೆಗಳ ವಿಮಾನ

ಎಷ್ಟು ಮಂದಿ ಏರಿದರೂ ಪುಷ್ಪಕದಲ್ಲಿ ಇನ್ನೊಬ್ಬರಿಗೆ ಸ್ಥಳ ಮಿಗುತ್ತಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಟಲಿಯ ಜಾನಿ ಕಾಪ್ರೋನಿ ನೂರು ಮಂದಿಗಷ್ಟೇ ಸ್ಥಳ ಬಯಸಿದ. ಆದರೆ ಅವರನ್ನು ಅಟ್ಲಾಂಟಿಕ್ ಸಾಗರದಾಚೆಗೆ ಮುಟ್ಟಿಸಬೇಕೆಂಬ ಹಂಬಲ ಅವನದು. ಮೊದಲ ಮಹಾಯುದ್ಧದಲ್ಲಿ ಆತನ ಮೂರಂತಸ್ತು ರೆಕ್ಕೆಯ ಬಾಂಬರುಗಳು ಹಾರಿದ್ದವು. ಹಾರಿದ್ದನ್ನೇ ಮೂರು ಸಲ ಜೋಡಿಸಿದರೆ? ದೋಣಿಯಂಥ ಒಡಲಿನ ಮೇಲೆ ಮುಂದೆ ಮೂರು, ನಡುವೆ ಮೂರು, ಹಿಂದೆ ಮೂರು ರೆಕ್ಕೆಗಳು. ತಲಾ 400 ಅಶ್ವಶಕ್ತಿಯ ಎಂಟು ಎಂಜಿನುಗಳು. ಬಾಲವೇ ಇಲ್ಲ! ಮೂರು ಮೂರ್ಲೆ ಒಂಬತ್ತು, ನಿಜ. ಗಾಳಿಗೆ ಈ ಮಗ್ಗಿ ತಿಳಿಯದು: ಮುಂದಿನ ರೆಕ್ಕೆ ಕದಡಿದ ಗಾಳಿಯಲ್ಲೇ ಹಿಂದಿನ ರೆಕ್ಕೆ ಆಸರೆ ಹುಡುಕಬೇಕು.

1921ರ ಮಾರ್ಚ್ 4ರಂದು ಮಾಜ್ಜೋರೆ ಸರೋವರದಲ್ಲಿ ಪರೀಕ್ಷೆ. ಪ್ರಯಾಣಿಕರ ಬದಲು ಒಳಗೆ ಭಾರ ಹೇರಿದ್ದರು. ವಿಮಾನ ನೀರನ್ನು ಬಿಟ್ಟಿತು. ತುಸುವೇ ಮೇಲೇರಿ, ಮೂತಿಯೆತ್ತಿ, ಮರುಗಳಿಗೆಯಲ್ಲೇ ಸರೋವರಕ್ಕೆ ಬಿದ್ದು ಮುರಿಯಿತು. ಚಾಲಕ ಸೆಂಪ್ರಿನಿ ಬದುಕಿದ. ಆ ನೂರು ಮಂದಿ ಅಂದು ಅದರೊಳಗಿರಲಿಲ್ಲವಲ್ಲ ಎಂದು ನಾನು ನಿಟ್ಟುಸಿರು ಬಿಡುತ್ತೇನೆ. ಆದರೂ ಕಾಪ್ರೋನಿಯನ್ನು ಹುಚ್ಚನೆನ್ನಲು ನಾಲಗೆ ಏಳದು. ಆ ವಿಮಾನವನ್ನು ಮತ್ತೆ ಯಾರೂ ಕಟ್ಟಲಿಲ್ಲ. ಅದರ ಕೆಲವು ಚೂರುಗಳನ್ನು ಟ್ರೆಂಟೊದಲ್ಲಿ ಅವನದೇ ಹೆಸರಿನ ವಸ್ತುಸಂಗ್ರಹಾಲಯಕ್ಕಾಗಿ ಕಾಪಾಡಿದ್ದಾರೆ.